ತಮ್ಮನ ಹೆಂಡತಿಯ ಕಾಲು

ನಾನು ಹೋಗಲಿಲ್ಲ. ಬರುತ್ತೇನೆಂದು ಮಾತು ಕೊಟ್ಟು, ತಮ್ಮನ ಕೈಯಿಂದಲೇ ವಿಮಾನದ ಟಿಕೆಟ್ಟು ತೆಗೆಸಿಕೊಂಡು, ಹೋಗಲಿಲ್ಲ.

ತಮ್ಮ ಬ್ರಿಸ್ಬೇನಿನ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ ತನ್ನ ಮನೆಯಲ್ಲೇ ಮೆನ್ನೊನೈಟ್ ಎಂಬ ಕ್ರೈಸ್ತ ಪಂಗಡದ ಒಂದು ಕನ್ನಡ ಸಭೆ ಶುರುಮಾಡಿದ್ದ. ಭಾನುವಾರ ಬರುತ್ತಿದ್ದವರು ನಾಲ್ಕೈದು ಗಂಡಸರು. ಹೆಂಗಸೆಂದರೆ ಅವನ ಹೆಂಡತಿ ಒಬ್ಬಳೇ. ಆ ಪಂಗಡದಲ್ಲಿ, ಯೇಸುವಿನ ಕೊನೆಯ ಊಟವನ್ನು ನೆನೆಯುವ ಕರ್ತನ ಭೋಜನದ ದಿನ ಒಬ್ಬರ ಕಾಲನ್ನು ಒಬ್ಬರು ತೊಳೆಯುತ್ತಾರೆ. ಗಂಡಸರು ಗಂಡಸರದು, ಹೆಂಗಸರು ಹೆಂಗಸರದು. ಮೊದಲ ಸಲದ ಆ ಆರಾಧನೆ ನೋಡಿ, ಸಭೆಗೆ ಬೆಂಬಲ ಕೊಡಬೇಕೋ ಬೇಡವೋ ತೀರ್ಮಾನಿಸಲು ಅಡಿಲೇಡಿನಿಂದ ಪಂಗಡದ ಇಬ್ಬರು ಹಿರಿಯರು ಬರುವವರಿದ್ದರು.

"ಅಕ್ಕ, ಅವತ್ತು ಇವಳಿಗೆ ಜೊತೆಯಾಗಿ ನೀನೊಬ್ಳು ಇರು, ಸಾಕು," ಎಂದ ಫೋನಿನಲ್ಲಿ.

"ಬರ್ತೀನಿ ಕಣೋ."

ಫೋನಿಟ್ಟ ಮೇಲೆ ಮೈ ಉರಿಯಿತು. ಪರ್ತ್‌ನ ಹ್ಯಾರಿಸ್‌ಡೇಲ್‌ನಲ್ಲಿ ನನ್ನ ಅಡುಗೆಮನೆಯ ಪಾತ್ರೆಗಳನ್ನೆಲ್ಲ ಕುಕ್ಕಿದೆ. ಅವನನ್ನು ಎತ್ತಿ ಆಡಿಸಲೆಂದು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ನನಗಿಂತ ಅಷ್ಟು ಚಿಕ್ಕವಳಾದ ಅವನ ಹೆಂಡತಿಯ ಕಾಲನ್ನು ನಾನು ಮುಟ್ಟಬೇಕೆ?

"ಹೋಗು, ಹಾಗೇ ನೇಲ್ ಪಾಲಿಶ್ ಹಾಕ್ಬಿಟ್ಟು ಬಾ," ಎಂದು ನನ್ನ ಗಂಡ ನಕ್ಕರು.

ಹೊರಡುವ ದಿನ ಬೆಳಿಗ್ಗೆ, ವೃದ್ಧಾಶ್ರಮದ ಅಡುಗೆ ಕೆಲಸಕ್ಕೆ ರಜೆ ಸಿಗಲಿಲ್ಲವೆಂದು ತಮ್ಮನಿಗೆ ಸುಳ್ಳು ಹೇಳಿ ಟೀವಿ ಮುಂದೆ ಕೂತೆ.

ಅಲ್ಲಿ ಗಂಡಸರು ಕಾಲು ತೊಳೆದು ಒರೆಸಿ ಮುಗಿಸುವವರೆಗೂ ಅವಳು ಬೇಸಿನ್ನಿನ ಮುಂದೆ ಟವೆಲ್ಲು ಹಿಡಿದುಕೊಂಡು ಒಬ್ಬಳೇ ಕೂತಿದ್ದಳಂತೆ. ಹಿರಿಯರು ಅವಳನ್ನು ಮಾತಾಡಿಸಲೂ ಇಲ್ಲ. ಸ್ವಂತ ಮನೆಯವರೇ ಬಾರದ ಸಭೆ ಬೆಳೆಯುವುದಿಲ್ಲ ಎಂದು ತಮ್ಮನಿಗೆ ಹೇಳಿ ಹೊರಟುಹೋದರು. ಕೆಲವೇ ತಿಂಗಳಲ್ಲಿ ಸಭೆ ನಿಂತುಹೋಯಿತು. ತಲೆ ಎಣಿಸಲು ಅಷ್ಟು ದೂರ ಬರಬೇಕಿತ್ತೇ ಅವರು? ಅವರನ್ನು ಮನಸಾರೆ ಬೈದಿದ್ದೇನೆ. ಗಂಡನ ಜೊತೆ ವಾರಗಟ್ಟಲೆ ಮಾತು ಬಿಟ್ಟಿದ್ದೇನೆ. ಆದರೆ ಸುಳ್ಳು ಹೇಳಿದ ಬಾಯಿ ಅವರದಲ್ಲ.

ತಮ್ಮ ಒಂದು ದಿನವೂ ನನ್ನನ್ನು ಆಡಿಕೊಳ್ಳಲಿಲ್ಲ. ಅದಕ್ಕೂ ನನಗೆ ಸಿಟ್ಟು ಬರುತ್ತಿತ್ತು.

ಕಳೆದ ತಿಂಗಳು ಅವರ ಮನೆಗೆ ಹೋಗಿದ್ದಾಗ ಅವಳು ನನ್ನನ್ನು ಇಂಡೂರೂಪಿಲ್ಲಿಯ ಮಾಲ್‌ಗೆ ಕರೆದುಕೊಂಡು ಹೋದಳು. ಕಾಫಿ ಕುಡಿಯುತ್ತ ಅವಳೇ ಆ ಮಾತು ತೆಗೆದಳು.

"ಸಭೆ ನಿಂತಿದ್ದಕ್ಕೆ ನೀವ್ಯಾಕೆ ಕೊರಗ್ತೀರ ಅತ್ತಿಗೆ? ಪಾಪ, ನಿಮಗೆ ಅವತ್ತು ಡ್ಯೂಟಿ ಇತ್ತಲ್ಲ."

"ಸಾಕು, ನಿಲ್ಸು!" ಎಂದೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ನೋಡಲಿ.

"ಡ್ಯೂಟಿನೂ ಇರ್ಲಿಲ್ಲ, ಏನೂ ಇರ್ಲಿಲ್ಲ. ಮನೇಲೇ ಇದ್ದೆ ಕಣೇ. ನಿನ್ನ ಕಾಲು ಮುಟ್ಟಿದ್ರೆ ನಾನು ಸಣ್ಣೋಳಾಗ್ತೀನಿ ಅಂತ ಬರ್ಲಿಲ್ಲ. ನಿನ್ನನ್ನ ಅಷ್ಟು ಜನರ ಮುಂದೆ ಒಂಟಿಯಾಗಿ ಕೂರಿಸ್ಬಿಟ್ಟೆ. ತಪ್ಪಾಯ್ತು, ಕ್ಷಮಿಸಮ್ಮ."