ಟಾಂಗಾದ ಮುಂದೆ ಹದಿಮೂರು ಮೈಲು

ಓಡುವುದನ್ನು ಕಲಿಯಲು ನನಗೆ ತಗುಲಿದ ಖರ್ಚು ಅರ್ಧ ಚೀಲ ಕಡಲೆ. ಲಾಲಸಾಬ್ ಕಾಕಾ ಕೇಳಿದ್ದು ಇಡೀ ಚೀಲ. ನಾನು ಎರಡು ದಿನ ಎಳೆದಾಡಿ ಅರ್ಧಕ್ಕೆ ಇಳಿಸಿದೆ. “ನನಗ ಬ್ಯಾಡೋ ಬಸಪ್ಪ, ಕುದುರಿಗೆ ಕೊಡು. ಮುಂಜಾನೆದ್ದು ನಿನ್ನ ಹಿಂದ ಬರೂದು ಅದು, ನಾ ಬರೇ ಕೂತಿರತೀನಿ” ಅಂದಿದ್ದರು.

ವಿಜಯಪುರದ ರೈಲು ನಿಲ್ದಾಣದ ಮುಂದೆ ಟಾಂಗಾ ಹೊಡೆಯುತ್ತಿದ್ದ ಲಾಲಸಾಬ್ ಕಾಕಾ ಯಾರನ್ನು ಕಂಡರೂ ಮೊದಲು ನೋಡುತ್ತಿದ್ದದ್ದು ಕಾಲನ್ನು. ಮುಖ ಆಮೇಲೆ. ಮೊದಲ ದಿನ ನನ್ನನ್ನು ಟಾಂಗಾದ ಗಾಲಿ ಹಿಡಿಸಿ ನಿಲ್ಲಿಸಿದರು. ಲಾಳ ಹೊಡೆಯುವ ಮುಂಚೆ ಕುದುರೆಯ ಗೊರಸು ನೋಡುವ ಹಾಗೆ ನನ್ನ ಕಾಲನ್ನು ಹಿಂದಕ್ಕೆ ಮಡಚಿ, ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. “ಕಾಲು ಚಲೋ ಅದಾವ. ಅಂಜಿಕಿ ಬ್ಯಾರೆ ಕಡೆ ಐತಿ” ಅಂದರು.

ಅವರು ಹೇಳಿದ್ದು ಖರೆ. ನಾನು ಆಗ ಸೈಕಲ್ಲಿನ ಹಿಂದೆ ಬಟ್ಟೆಯ ಗಂಟು ಕಟ್ಟಿಕೊಂಡು ಬಬಲೇಶ್ವರ, ಕಾಖಂಡಕಿ ಸಂತೆಗಳಲ್ಲಿ ಮಾರುತ್ತಿದ್ದೆ. ಎಪ್ಪತ್ತರ ದಶಕದ ನಡುವಿನ ಮಾತು. ಅದರ ಹಿಂದಿನ ವರ್ಷ ಎದೆಯಲ್ಲಿ ನೀರು ತುಂಬಿ ಆರು ತಿಂಗಳು ಹಾಸಿಗೆ ಹಿಡಿದಿದ್ದೆ. ಗುಣವಾಯಿತೆಂದು ಡಾಕ್ಟರರು ಬರೆದುಕೊಟ್ಟರೂ ಊರು ನನಗೆ ಕ್ಷಯ ಅಂತಲೇ ಹೆಸರಿಟ್ಟಿತು. ಟಿಕೋಟಾದ ಸಂಗಪ್ಪನವರು ಮಗಳನ್ನು ಕೊಡುತ್ತೇನೆಂದವರು ಹಿಂದೆ ಸರಿದರು. ಡಾಕ್ಟರರ ಚೀಟಿ ತೋರಿಸಿದರೆ, “ಚೀಟಿ ಯಾರ ಬೇಕಾದ್ರೂ ಬರೀತಾರಪ್ಪಾ” ಅಂದರು. ಆ ಹುಡುಗಿ ಶಾಂತಾಳನ್ನು ನಾನು ಒಮ್ಮೆ ಮಾತ್ರ ನೋಡಿದ್ದೆ. ಆದರೂ ಆ ಸಂಬಂಧ ಬಿಟ್ಟುಕೊಡುವ ಮನಸ್ಸಿರಲಿಲ್ಲ.

ಅದೇ ಹೊತ್ತಿಗೆ ತರುಣ ಸಂಘದವರು ಟಿಕೋಟಾದಿಂದ ವಿಜಯಪುರಕ್ಕೆ ಓಟದ ಪಂದ್ಯ ಇಟ್ಟರು. ಹದಿಮೂರು ಮೈಲು. ಹಾಫ್ ಮ್ಯಾರಥಾನ್ ಎಂಬ ಹೆಸರು ನಮಗೆ ಗೊತ್ತಿರಲಿಲ್ಲ. ಅಷ್ಟು ದೂರ ಓಡಿದವನ ಎದೆಗೆ ಯಾರು ಹೆಸರಿಟ್ಟಾರು ಎಂಬುದು ನನ್ನ ಲೆಕ್ಕ. ನಡುದಾರಿಯಲ್ಲಿ ರಕ್ತ ಕಾರಿಕೊಂಡರೆ ಎಂಬ ಭಯವೂ ಜೊತೆಗಿತ್ತು. ಡಾಕ್ಟರರನ್ನು ಊರು ನಂಬಲಿಲ್ಲ ಅನ್ನುತ್ತೇನೆ. ನಿಜ ಹೇಳಬೇಕೆಂದರೆ ನಾನೂ ಪೂರ್ತಿ ನಂಬಿರಲಿಲ್ಲ.

ಬೆಳಗಿನ ಗಾಡಿ ಬರುವ ಮುಂಚೆ ಕಾಕಾ ಟಾಂಗಾ ಕಟ್ಟಿಕೊಂಡು ಬರುತ್ತಿದ್ದರು. ನಾನು ಮುಂದೆ, ಕುದುರೆ ಹಿಂದೆ. ಅವರದೊಂದೇ ಕಟ್ಟಳೆ, ಓಡುತ್ತ ಮಾತಾಡಬೇಕು.

“ಧೋತರ ಹೆಂಗ ಕೊಟ್ಟಿ?”

“ಹನ್ನೆರಡ್ರಿ, ಕಾಕಾ.”

“ಎಂಟಕ್ಕ ಕೊಡು.”

“ನನಗ... ಬಿದ್ದದ್ದ... ಒಂಬತ್ತರಿ.”

“ಉಸರು ಸಾಲವಲ್ದು, ಸಾವಕಾಶ ಮಾಡು. ಚೌಕಾಶಿ ಮಾಡಾಕ ಬರದಷ್ಟು ಜೋರ ಓಡಬಾರದು, ಬೇಟಾ.”

ಹೀಗೆ ಎರಡು ತಿಂಗಳಲ್ಲಿ ನನ್ನ ಇಡೀ ಗಂಟನ್ನು ಅವರು ಬಾಯಿಮಾತಿನಲ್ಲೇ ನಾಲ್ಕು ಸಲ ಕೊಂಡರು, ಪ್ರತಿ ಸಲವೂ ನನಗೆ ನಷ್ಟ. ನಿಲ್ಲಿಸಿದಾಗಲೆಲ್ಲ ನಾನು ಕರವಸ್ತ್ರಕ್ಕೆ ಕೆಮ್ಮಿ, ಬಿಡಿಸಿ ನೋಡುತ್ತಿದ್ದೆ. ಕಾಕಾ ಕಂಡೂ ಕಾಣದವರಂತೆ ಕುದುರೆಯ ಕುತ್ತಿಗೆ ಒರೆಸುತ್ತಿದ್ದರು.

ಪಂದ್ಯದ ಹಿಂದಿನ ದಿನ ಇನ್ನೊಂದು ಸಂಗತಿ ತಿಳಿಯಿತು. ದಾರಿಯಲ್ಲಿ ಸೋತವರನ್ನು ತುಂಬಿಕೊಂಡು ಬರಲು ಸಂಘದವರು ಗೊತ್ತು ಮಾಡಿದ್ದು ಕಾಕಾನ ಟಾಂಗಾ. “ಬಾಡಿಗಿ ಬಂದರ ಬಿಡೂದ್ಹೆಂಗ?” ಅಂದರು. ನಾನಾದರೂ ಬಿಡುತ್ತಿರಲಿಲ್ಲ. ಕಡೆಗೆ ಒಂದು ಬುದ್ಧಿ ಹೇಳಿದರು: “ಗೋಳಗುಮ್ಮಟ ಭಾಳ ದೂರಿಂದ ಕಾಣತೈತಿ. ಕಂಡಕೂಡ್ಲೆ ಊರು ಬಂತಂತ ಎಲ್ಲಾರೂ ಓಡತಾರ, ಓಡಿ ಬೀಳತಾರ. ನೀ ಗುಮ್ಮಟ ನೋಡಬ್ಯಾಡ. ಮುಂದಿನ ಗಿಡಾ ನೋಡು, ಅದು ದಾಟಿದ್ರ ಅದರ ಮುಂದಿಂದು.”

ಟಿಕೋಟಾದಲ್ಲಿ ಮೂವತ್ತು ಜನ ಸಾಲಾಗಿ ನಿಂತೆವು. ಚಹಾದಂಗಡಿಯ ಮುಂದೆ ಸಂಗಪ್ಪನವರಿದ್ದರು. ಅವರು ನನ್ನ ಮುಖ ನೋಡಲಿಲ್ಲ, ಎದೆ ನೋಡಿದರು.

ಐದು ಮೈಲು ಸರಿಯಾಗಿಯೇ ಓಡಿದೆ. ಆರು, ಏಳು. ಹೆಬ್ಬೆರಳಿನ ಉಗುರು ಬೂಟಿಗೆ ಬಡಿಯುತ್ತಿತ್ತು. ಹಿಂದಿನಿಂದ ಗೊರಸಿನ ಸಪ್ಪಳ ಒಮ್ಮೆ ಹತ್ತಿರವಾಗುವುದು, ಒಮ್ಮೆ ದೂರವಾಗುವುದು. ಹತ್ತಿರವಾಯಿತೆಂದರೆ ನಾನು ಹಿಂದೆ ಬಿದ್ದೆನೆಂದೇ ಅರ್ಥ. ಹೊರಳಿ ನೋಡಲು ಧೈರ್ಯವಿರಲಿಲ್ಲ. ಎಂಟನೇ ಮೈಲಿನ ಏರು ಹತ್ತಿದಾಗ ಗುಮ್ಮಟ ಕಂಡಿತು. ಆಚೆ ಓಣಿಯಲ್ಲೇ ಇದೆ ಅನ್ನುವಷ್ಟು ಸ್ಪಷ್ಟ. ಹೇಳಿದ ಬುದ್ಧಿ ಮರೆತು ಕಾಲು ಬೀಸಿದೆ. ಎರಡು ಫರ್ಲಾಂಗು ಹೋಗಿರಬೇಕು, ಕೆಮ್ಮು ಹತ್ತಿತು. ಬೇವಿನ ಗಿಡದ ಬುಡದಲ್ಲಿ ಕುಸಿದು ಕೂತೆ. ಕರವಸ್ತ್ರ ಬಾಯಿಗೆ ಒತ್ತಿಕೊಂಡಿದ್ದೆ, ಬಿಡಿಸಿ ನೋಡಲು ಕೈ ಬರಲಿಲ್ಲ.

ಟಾಂಗಾ ಬಂದು ನಿಂತಿತು. ಒಳಗೆ ಮೂವರು ಸೋತವರು. “ಬಾರೋ ದೋಸ್ತ, ಜಾಗಾ ಐತಿ” ಅಂತ ಒಬ್ಬ ಸರಿದು ಕೂತ.

“ಜಾಗಾ ಇಲ್ಲ,” ಅಂದರು ಕಾಕಾ. “ಕುದುರಿ ದಣದೈತಿ.”

ಕೆಳಗಿಳಿದು ಬಂದು ನನ್ನ ಮುಷ್ಟಿಯಿಂದ ಕರವಸ್ತ್ರ ಬಿಡಿಸಿಕೊಂಡು ಬಿಸಿಲಿಗೆ ಹಿಡಿದರು. ಹಿಂದೆ ಮುಂದೆ ತಿರುವಿ ನೋಡಿದರು. “ಧೂಳು. ಟಿಕೋಟಾದ ಕರಿಮಣ್ಣು. ಪುಕಟ ಒಯ್ಯಾಕತ್ತಿ. ಏಳು, ಪತ್ತಲದ ರೇಟು ಹೇಳಕೋತ ನಡಿ.”

ಅಲ್ಲಿಂದ ಐದು ಮೈಲು ನಾನು ಏನೇನು ಮಾರಿದೆನೋ ನೆನಪಿಲ್ಲ. ಗಿಡದಿಂದ ಗಿಡಕ್ಕೆ ಓಡಿದೆ. ಗುರಿ ಮುಟ್ಟಿದವರು ಹದಿನಾಲ್ಕು ಜನ, ನಾನು ಹದಿಮೂರನೆಯವ. ಎರಡು ಉಗುರು ಕಪ್ಪಾಗಿ ಉದುರಿದವು.

ಮುಂದಿನ ವಾರ ಸಂಗಪ್ಪನವರು ಕರೆಸಿದರು. ನನಗೆ ಹಿರಿಯರು ಇರಲಿಲ್ಲ, ಕಾಕಾನನ್ನೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಒಂದೇ ಮಾತು ಹೇಳಿದ್ದೆ, ಬೇವಿನ ಗಿಡದ ಸುದ್ದಿ ತೆಗೆಯಬೇಡಿ. “ಹೂಂ” ಅಂದಿದ್ದರು.

“ಇವರು ನಿನಗೇನಾಗಬೇಕು?” ಎಂದು ಸಂಗಪ್ಪನವರು ನನ್ನನ್ನು ಕೇಳಿದರು.

“ಟಾಂಗಾದಂವ್ರಿ” ಅಂದರು ಕಾಕಾ. “ಕುದುರಿ ಮಾರೂಮುಂದ ಸುಳ್ಳ ಹೇಳೀನಿ. ಇವ ನನ್ನ ಕುದುರಿ ಅಲ್ಲ.”

“ಹಂಗಾದ್ರ ಹೇಳ್ರಿ. ಎಲ್ಲೂ ನಿಂದರಲಾರದ ಓಡ್ಯಾನೇನು?”

ನಾನು ಕಾಕಾನ ಮೊಣಕಾಲನ್ನು ಮೆಲ್ಲಗೆ ಒತ್ತಿದೆ. ಅವರು ಕಾಲು ಸರಿಸಿಕೊಂಡರು.

“ನಿಂತಾನ್ರಿ. ಎಂಟನೇ ಮೈಲಿಗೆ ಕೂತು ಕೆಮ್ಮ್ಯಾನ. ದಸ್ತಿ ಬಿಚ್ಚಿ ನೋಡೀನಿ, ರಕ್ತ ಇರಲಿಲ್ಲ. ಆಮ್ಯಾಲೆ ಎದ್ದು ಓಡ್ಯಾನ.”

ಕೈಗೆ ಬಂದ ಗಿರಾಕಿಯ ಎದುರು ಸೀರೆಯ ಹರಕನ್ನು ನಾವೇ ಬಿಡಿಸಿ ತೋರಿಸುವುದುಂಟೆ? ಸಂಗಪ್ಪನವರು ಅಡಿಕೆ ಕತ್ತರಿಸಿ ಬಾಯಿಗೆ ಹಾಕಿಕೊಂಡರು.

“ಟಾಂಗಾದಾಗ ಕೂತಿದ್ರಲ್ಲ, ಅವರಾಗ ಒಬ್ಬ ನಮ್ಮ ತಂಗಿ ಮಗ. ಎಲ್ಲಾ ಹೇಳ್ಯಾನ. ನಿಂತಿಲ್ಲ ಅಂದಿದ್ರ ಚಹಾ ಕುಡಿಸಿ ಕಳಸತಿದ್ದೆ” ಅಂದರು. ಆಮೇಲೆ ಒಳಗೆ ತಿರುಗಿ, “ಊಟಕ್ಕ ಎಡಿ ಮಾಡ್ರಿ” ಅಂದರು.

ಮದುವೆಯಾಗಿ ಮೂರು ವರ್ಷಕ್ಕೆ ಒಂದು ಸಲ ಸೋಲಾಪುರದಿಂದ ಮಾಲು ತಂದು ನಿಲ್ದಾಣದಲ್ಲಿ ಇಳಿದೆ. ಲಾಲಸಾಬ್ ಕಾಕಾ ಕಾಣಲಿಲ್ಲ. ಬೇರೆ ಟಾಂಗಾದವರೊಬ್ಬರು ನನ್ನ ಗಂಟು ಎತ್ತಿಟ್ಟುಕೊಂಡು, “ಶುಕ್ರವಾರ ತೀರಿಕೊಂಡ್ರಲ್ರಿ, ನಿಮಗ ಗೊತ್ತಾಗಲಿಲ್ಲೇನು?” ಅಂದರು. ಅವತ್ತು ಬಾಡಿಗೆ ಎಷ್ಟು ಕೊಟ್ಟೆನೋ, ಕೇಳದೆ ಕೊಟ್ಟೆ.

ನೀವು ಓಡುವವರಿದ್ದರೆ ಬೂಟು ಅರ್ಧ ಅಳತೆ ದೊಡ್ಡದು ಕೊಳ್ಳಿ, ಮಾತು ನಿಲ್ಲದಷ್ಟೇ ಜೋರಾಗಿ ಓಡಿ, ದೂರದ್ದನ್ನು ನೋಡಬೇಡಿ. ಮುಗಿಸಿದ ಮೇಲೆ ಯಾರಾದರೂ ಕೇಳಿದರೆ ಎಲ್ಲಿ ಕೂತಿರೆಂಬುದನ್ನು ಮೊದಲು ನೀವೇ ಹೇಳಿಬಿಡಿ. ಟಾಂಗಾದಲ್ಲಿ ಯಾರ್ಯಾರು ಕೂತಿದ್ದರೆಂಬುದು ಗಿಡದ ಬುಡದಲ್ಲಿ ಕೂತವನಿಗೆ ಗೊತ್ತಿರುವುದಿಲ್ಲ.