ಅವರ ಎಡಗೈ, ಇವಳ ಬಲಗೈ

ಪ್ರತಾಪ ನಗರದ ಆ ಎರಡು ಕೋಣೆಯ ಮನೆಗೆ ಬಂದವರು ಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದರು, ಆಮೇಲೆ ಮಾತಾಡುತ್ತಿದ್ದರು. ರೈಲ್ವೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾಗಿದ್ದ ಶಂಕರಪ್ಪನವರಿಗೆ ಲಕ್ವ ಹೊಡೆದು ಬಲಭಾಗವೂ ಮಾತೂ ಹೋಗಿ ಐದು ತಿಂಗಳಾಗಿತ್ತು. ಮಲಗಿ ಮಲಗಿ ಬೆನ್ನಿಗೆ ಹುಣ್ಣಾಗಿ ಕೀವು ಸೋರುತ್ತಿತ್ತು. ಹೆಂಡತಿ ವನಜಾಕ್ಷಿ ಅದನ್ನು ತೊಳೆದು, ಬಟ್ಟೆ ಬದಲಿಸಿ, ಹಿತ್ತಲಿಗೆ ಓಡಿ ವಾಂತಿ ಮಾಡಿಕೊಳ್ಳುತ್ತಿದ್ದಳು. ಎಷ್ಟು ಸೋಪು ಉಜ್ಜಿದರೂ ಕೈಗೆ ಅದೇ ನಾತ. ಇಂಥ ಕೈಯಲ್ಲಿ ಲಿಂಗ ಮುಟ್ಟುವುದು ಹೇಗೆಂದು ಪೂಜೆಯನ್ನೇ ಬಿಟ್ಟಿದ್ದಳು.

ಒಂದು ಬೆಳಿಗ್ಗೆ ಗಂಡನನ್ನು ಮಗ್ಗುಲಿಗೆ ಹೊರಳಿಸಿ ಹುಣ್ಣು ತೊಳೆಯುತ್ತಿದ್ದಾಗ ಮೈದುನ ಹೊನ್ನಪ್ಪ ಬಂದ. ಮಹಾಲ್ ಪೇಟೆಯಲ್ಲಿ ಅವನದು ಬಟ್ಟೆ ಅಂಗಡಿ. ಜೊತೆಗೆ ಅತ್ತರು ಘಾಟಿನ ಒಬ್ಬ ಬಾಬಾ. ಬಾಬಾ ಹಾಸಿಗೆಯ ಹತ್ತಿರ ಬರಲಿಲ್ಲ. ಕರವಸ್ತ್ರದಿಂದ ಮೂಗು ಹಿಡಿದು ಬಾಗಿಲಲ್ಲೇ ನಿಂತು ಭಸ್ಮ ಎರಚಿದ. "ಪತ್ನಿ ಕಾ ಪಾಪ್ ಹೈ," ಎಂದು ಎಲ್ಲವನ್ನೂ ಹೆಂಡತಿಯ ಪಾಪಕ್ಕೆ ಕಟ್ಟಿದ.

"ವೈನಿ, ಬಾಬಾ ಹೇಳಿದ್ದು ಬರೋಬರ್ ಇರ್ತೈತ್ರಿ. ಕಾಲಿಗೆ ಬಿದ್ದು ತಪ್ಪಾತು ಅನ್ರಿ, ಎಲ್ಲಾ ಚಲೋ ಆಗ್ತೈತಿ," ಎಂದ ಹೊನ್ನಪ್ಪ.

ಭಸ್ಮ ಹಸಿ ಹುಣ್ಣಿನ ಮೇಲೆ ಬಿದ್ದು ಶಂಕರಪ್ಪ ಉರಿ ತಾಳದೆ ನರಳಿದರು. ಕೀವು ಕಂಡಾಗಲೂ ಆಗದಷ್ಟು ಹೇಸಿಕೆಯಾಯಿತು ವನಜಾಕ್ಷಿಗೆ.

"ಮೂಗ ಹಿಡ್ಕೊಂಡು ಹರಸೋರು ನಮಗ ಬ್ಯಾಡ. ಹೊರಗ ನಡೀರಿ ಇಬ್ಬರೂ!"

ಅವರು ಹೋದ ಮೇಲೆ ಬೂದಿಯನ್ನು ಒರೆಸುತ್ತ ಅತ್ತಳು. "ದೇವರೂ ಹಿಂಗ ದೂರ ನಿಂತಾನೇನ್ರಿ?"

ಶಂಕರಪ್ಪ ಎಡಗೈಯಿಂದ ಕೊರಳನ್ನು ತಡಕಾಡಿದರು. ಕರಡಿಗೆಯಿಂದ ಲಿಂಗವನ್ನು ತೆಗೆಯಲು ಹೆಣಗಿ, ಕೊನೆಗೆ ಅಂಗೈಯಲ್ಲಿಟ್ಟು ಅವಳತ್ತ ಚಾಚಿದರು.

"ನನ್ನ ಕೈ ಹೊಲಸು ಅದಾವ್ರಿ."

ಅವರು ಇಲ್ಲವೆಂದು ತಲೆ ಅಲ್ಲಾಡಿಸಿದರು. ಚಾಚಿದ ಅಂಗೈಯನ್ನು ಹಿಂದೆ ತೆಗೆಯಲಿಲ್ಲ. ಲಿಂಗ ಹಿಡಿಯಲು ಅವರ ಎಡಗೈ ಇತ್ತು. ಪೂಜೆ ಮಾಡುವ ಬಲಗೈ ಸತ್ತಿತ್ತು. ವನಜಾಕ್ಷಿ ಕೈ ತೊಳೆದು ಬಂದು ತನ್ನ ಬಲಗೈಯಿಂದ ನೀರೆರೆದಳು, ವಿಭೂತಿ ಹಚ್ಚಿದಳು, ಒಂದು ಪತ್ರಿ ಏರಿಸಿದಳು. ನಾತ ಇದ್ದಲ್ಲೇ ಇತ್ತು. ಆದರೂ ಎಷ್ಟೋ ದಿನಗಳ ಮೇಲೆ ಎದೆಯೊಳಗೆ ತಣ್ಣಗಾಯಿತು.

ಅಂದಿನಿಂದ ಮೊದಲು ಹುಣ್ಣು, ಆಮೇಲೆ ಪೂಜೆ. ಹುಣ್ಣು ಮಾಯಲು ಮತ್ತೆ ನಾಲ್ಕು ತಿಂಗಳು ಹಿಡಿಯಿತು. ಮಾತು ಬರಲೇ ಇಲ್ಲ. ಹೊನ್ನಪ್ಪನ ಅಂಗಡಿಯಲ್ಲಿ ಆ ಬಾಬಾನ ಫೋಟೊ ಕಂಡರೆ ವನಜಾಕ್ಷಿ ಈಗಲೂ ಮುಖ ಕಿವುಚಿ, ಏನೂ ಕೊಳ್ಳದೆ ಹೊರಗೆ ಬಂದುಬಿಡುತ್ತಾಳೆ.