ಅರ್ಧ ಬೆಟ್ಟದವರೆಗಿನ ಕುಂಕುಮ

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಪೈಪ್ ಕಂಪನಿಯವರು ನಮ್ಮ ಅಂಗಡಿಗೆ ಹಡಗಿನ ಪ್ರವಾಸ ಕೊಟ್ಟರು. ಕಾಮಗೆರೆಯಲ್ಲಿ ನಮ್ಮದು ಡ್ರಿಪ್ ಪೈಪು, ಪಂಪ್‌ಸೆಟ್ಟು ಮಾರುವ ಅಂಗಡಿ. ಆ ವರ್ಷ ಚೆನ್ನಾಗಿ ಮಾರಿದ ಡೀಲರುಗಳಿಗೆಲ್ಲ ಇಬ್ಬಿಬ್ಬರಿಗೆ ಟಿಕೆಟ್. ವಿಶಾಖಪಟ್ಟಣದಲ್ಲಿ ಹಡಗು ಹತ್ತಿ, ಎರಡು ದಿನ ಸಮುದ್ರದ ಮೇಲಿದ್ದು, ಚೆನ್ನೈನಲ್ಲಿ ಇಳಿಯುವುದು. ಮಾರಿದ್ದೆಲ್ಲ ಅಪ್ಪ. ಅಂಗಡಿಯಲ್ಲಿ ನನ್ನ ಕೆಲಸವೆಂದರೆ ಬಂದವರನ್ನು ನಗಿಸುವುದು, ಮುಕ್ಕಾಲಿಂಚಿನ ಪೈಪ್ ಕೇಳಿದವರಿಗೆ ಒಂದಿಂಚಿನದು ಕೊಟ್ಟು ಕಳಿಸುವುದು. ಆದರೂ ಅಪ್ಪ, "ನೀರ್ ಮೇಲೆ ಮನಿಕಳಕ್ಕೆ ನಾನೇನ್ ಎಮ್ಮೆನ್ಲಾ? ನೀನೂ ನಿಮ್ಮವ್ವನೂ ಓಗ್ಬನ್ನಿ" ಅಂದುಬಿಟ್ಟರು.

ಅವ್ವ ಅಲ್ಲಿಯವರೆಗೆ ಸಮುದ್ರ ನೋಡಿದವಳಲ್ಲ. ಒಂದು ವಾರ ಮೊದಲೇ ಚೀಲ ಕಟ್ಟಿಟ್ಟಳು. ಬೀದಿ ನಲ್ಲಿಗೆ ನೀರು ತುಂಬಲು ಬರುವವರಿಗೆಲ್ಲ ಹಡಗಿನ ವಿಷಯ ಹೇಳಿ ಮುಗಿಸಿದ್ದಳು. ನಾನು ನನ್ನ ಪಾಲಿನ ತಯಾರಿಯಾಗಿ ಒಂದು ಜೊತೆ ಬಿಳಿ ಶೂ ತಂದೆ. ನನ್ನ ಅಳತೆಯದು ಇರಲಿಲ್ಲ. ಒಂದು ನಂಬರ್ ಚಿಕ್ಕದಾದರೇನು, ಹಡಗಿನಲ್ಲಿ ನಡೆಯುವುದು ಏನಿದೆ ಎಂದುಕೊಂಡು ಅದನ್ನೇ ತಂದೆ.

ಬೆಳಿಗ್ಗೆ ವಿಶಾಖಪಟ್ಟಣದಲ್ಲಿ ರೈಲಿನಿಂದ ಇಳಿದಾಗ ಕಂಪನಿಯವರು ಲಗೇಜನ್ನೆಲ್ಲ ತಾವೇ ಹಡಗಿಗೆ ಸಾಗಿಸಲು ತೆಗೆದುಕೊಂಡರು. ಬೋರ್ಡಿಂಗ್ ಕಾಗದ, ಆಧಾರ್ ಕಾರ್ಡ್ ಎರಡನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ, ಅಲ್ಲಿಯವರೆಗೆ ಊರು ಸುತ್ತಿ, ಮೂರು ಗಂಟೆಗೆ ಬಂದರಿನ ಗೇಟು ಮುಚ್ಚಿದರೆ ಮತ್ತೆ ಯಾರಿಗೂ ತೆಗೆಯುವುದಿಲ್ಲ ಎಂದರು. ಜೋಪಾನ ಎನ್ನುವಾಗ ಆ ಮನುಷ್ಯ ನನ್ನನ್ನೇ ನೋಡಿದ್ದು ಯಾಕೋ ಗೊತ್ತಿಲ್ಲ.

ತಿಂಡಿಗೆ ಡೀಲರುಗಳೆಲ್ಲ ಒಟ್ಟಿಗೆ ಕುಳಿತಿದ್ದೆವು. ಯಳಂದೂರಿನಲ್ಲಿ ನಮ್ಮ ಹಾಗೆಯೇ ಪೈಪ್ ಅಂಗಡಿ ಇಟ್ಟಿರುವ ಸಿದ್ದರಾಜಣ್ಣನೂ ಇದ್ದರು. ಕೇಳುವವರು ನಾಲ್ಕು ಜನ ಸಿಕ್ಕಿದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ರೈಲಿನಲ್ಲಿ ಅವ್ವ ಮಾಡಿದ್ದನ್ನೆಲ್ಲ ಅವಳದೇ ಧ್ವನಿಯಲ್ಲಿ ಮಾಡಿ ತೋರಿಸಿದೆ. ಟೀ ಮಾರುವವನಿಗೆ ಚಕ್ಕುಲಿ ಕೊಟ್ಟು ಮಕ್ಕಳೆಷ್ಟು ಎಂದು ಕೇಳಿದ್ದು, ಮೇಲಿನ ಬರ್ತಿನಲ್ಲಿದ್ದ ನನ್ನ ಕಾಲಿಗೆ ಟವೆಲ್ ಕಟ್ಟಿ ಅದರ ತುದಿ ಹಿಡಿದು ಮಲಗಿದ್ದು. ಚೀಲ ಹೋದರೆ ಹೋಗಲಿ, ನಾನು ಕಳೆದುಹೋಗಬಾರದಂತೆ. ಸಿದ್ದರಾಜಣ್ಣನಿಗೆ ನಕ್ಕು ನಕ್ಕು ಕಾಫಿ ನೆತ್ತಿಗೇರಿತು. ಅವ್ವನೂ ನಕ್ಕಳು. ಆಮೇಲೆ ಇಡ್ಲಿ ಮುರಿಯುತ್ತಾ ತಲೆ ಬಗ್ಗಿಸಿದವಳು ಮೇಲೆತ್ತಲಿಲ್ಲ. ನಾನು ಅದನ್ನು ನೋಡಿದೆ. ನೋಡಿಯೂ ಇನ್ನೊಂದು ಜೋಕು ಶುರು ಮಾಡಿದೆ.

ಆ ಊರಿನ ರಸ್ತೆಗಳು ಒಂದೋ ಹತ್ತುತ್ತವೆ ಇಲ್ಲವೇ ಇಳಿಯುತ್ತವೆ. ಬಂದರಿನ ಪಕ್ಕದಲ್ಲೇ ಒಂದು ಬೆಟ್ಟ, ಅದರ ಮೈತುಂಬ ಸಣ್ಣ ಸಣ್ಣ ಮನೆಗಳು, ಮನೆಗಳ ನಡುವೆ ಮೆಟ್ಟಿಲಿನ ಓಣಿ. ತುದಿಯಿಂದ ಹಡಗು ಪೂರ್ತಿ ಕಾಣುತ್ತದೆ ಎಂದು ಆಟೋದವನು ಅಲ್ಲಿ ಬಿಟ್ಟ. ಮೊದಲ ಮೆಟ್ಟಿಲ ಹತ್ತಿರ ಅವ್ವ ಚಪ್ಪಲಿ ಬಿಟ್ಟಳು.

"ಬೆಟ್ಟಕ್ಕೆ ಯಾರಾದ್ರೂ ಎಕ್ಕಡ ಆಕಂಡು ಅತ್ತಾರಾ? ನೀನೂ ಬುಡು" ಅಂದಳು.

ನಮ್ಮ ಕಡೆ ಬೆಟ್ಟವೆಂದರೆ ಮಾದಪ್ಪನ ಬೆಟ್ಟ. ಅವ್ವ ವರ್ಷಕ್ಕೊಮ್ಮೆ ಅಲ್ಲಿಗೆ ಬರಿಗಾಲಲ್ಲಿ ನಡೆದು ಹೋಗುತ್ತಾಳೆ. ಇಲ್ಲಿ ಮೇಲಿರುವುದು ನೀರಿನ ಟ್ಯಾಂಕು, ದೇವರಲ್ಲ ಎಂದೆ.

"ದೇವ್ರಿಲ್ದೆ ಬೆಟ್ಟ ಸುಮ್‌ಸುಮ್ನೆ ಎದ್ ನಿಂತದಾ?"

ಅಷ್ಟರಲ್ಲಿ ಹೊಸ ಶೂ ನನ್ನ ಹಿಮ್ಮಡಿಯನ್ನು ಅರ್ಧ ತಿಂದಿದ್ದರಿಂದ ಬಿಚ್ಚಲು ನೆಪ ಸಿಕ್ಕಿದ್ದೇ ಸಂತೋಷವಾಯಿತು. ಕಾಗದ ಮತ್ತು ಕಾರ್ಡುಗಳಿದ್ದ ಪ್ಲಾಸ್ಟಿಕ್ ಕವರನ್ನು ಕಳ್ಳರ ಭಯಕ್ಕೆ ಪ್ಯಾಂಟಿನ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಬಗ್ಗಿದಾಗ ಅದು ಹೊಟ್ಟೆಗೆ ಚುಚ್ಚಿತು. ತೆಗೆದು ಒಂದು ಕ್ಷಣಕ್ಕೆಂದು ಶೂ ಒಳಗೆ ತುರುಕಿದೆ. ಆ ಕ್ಷಣ ಮೂರು ಗಂಟೆ ಉದ್ದವಾಯಿತು.

ಮೆಟ್ಟಿಲ ಪಕ್ಕದ ಮನೆಯ ನೀಲಿ ಬಾಗಿಲಲ್ಲಿ ಒಬ್ಬ ಹೆಂಗಸು ಮೀನು ಹೆಚ್ಚುತ್ತಿದ್ದಳು. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಹೇಳುವುದಿಲ್ಲ. ಅವ್ವ ಸೆರಗನ್ನು ಮೂಗಿಗೆ ಹಿಡಿದೇ ಹೋಗಿ, ಶೂ, ಚಪ್ಪಲಿ ಎರಡನ್ನೂ ಕೈಚೀಲಕ್ಕೆ ಹಾಕಿ ಅವಳ ಮುಂದಿಟ್ಟು, "ವಸಿ ನೋಡ್ಕಳವ್ವ" ಅಂದಳು. ಬೆಟ್ಟದ ಬುಡದಲ್ಲಿ ಯಾರ ಮನೆಯಲ್ಲಾದರೂ ಚಪ್ಪಲಿ ಬಿಟ್ಟು ಹೋಗುವುದು ನಮ್ಮಲ್ಲಿ ರೂಢಿ. ಕನ್ನಡ ಬಾರದ ಆ ತೆಲುಗು ಹೆಂಗಸು ಹೂಂ ಎಂದು ತಲೆಯಾಡಿಸಿದಳು.

ಅವ್ವ ಎಲೆಯಡಿಕೆ ಚೀಲದಿಂದ ಕುಂಕುಮದ ಡಬ್ಬಿ ತೆಗೆದು ಮೊದಲ ಮೆಟ್ಟಿಲಿಗೆ ಹಚ್ಚಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಹತ್ತಾರು ಮೆಟ್ಟಿಲಿಗೊಮ್ಮೆ, ಪ್ರತಿ ತಿರುವಿಗೊಮ್ಮೆ ಹಚ್ಚುತ್ತಾ ಹೋದಳು. ನಾನು ಹಿಂದಿನಿಂದ ವಿಡಿಯೋ ಮಾಡುತ್ತಾ, ವೀಕ್ಷಕರೇ, ನಮ್ಮವ್ವ ಈಗ ನೀರಿನ ಟ್ಯಾಂಕಿಗೆ ಪೂಜೆಗೆ ಹೊರಟಿದ್ದಾಳೆ ಎಂದು ವರದಿ ಕೊಡುತ್ತಿದ್ದೆ. ಅರ್ಧ ಹತ್ತಿದಾಗ ಕಾಲೇಜು ಹುಡುಗಿಯರಿಬ್ಬರು ಇಳಿಯುತ್ತಾ ನಮ್ಮನ್ನು ನೋಡಿ ನಕ್ಕರು. ಬೇರೆಯವರನ್ನು ನಗಿಸುವುದೇ ಕಸುಬಾದ ನನಗೆ ಆಗ ನಾಚಿಕೆಯಾಯಿತು.

"ಸಾಕು ಬುಡವ್ವ, ಮಾನ ಕಳೀಬ್ಯಾಡ."

ಅವ್ವ ಡಬ್ಬಿ ಮುಚ್ಚಿದಳು.

ತುದಿಯಿಂದ ಹಡಗು ಕಂಡಿತು. ಬಿಳಿ ಹಡಗು, ಅದರ ಆಚೆ ಸಮುದ್ರ. ನಮ್ಮ ಕಡೆಯ ಸತ್ತೇಗಾಲದ ಹೊಳೆ ತುಂಬಿ ಹರಿದಾಗಲೂ ಆಚೆ ದಡ ಕಾಣುತ್ತದೆ, ಇದಕ್ಕೆ ಆಚೆ ದಡವೇ ಇಲ್ಲವಲ್ಲ ಎಂದು ಅವ್ವ ಬಹಳ ಹೊತ್ತು ನೋಡುತ್ತಾ ನಿಂತಳು. ನಾನು ಕ್ಯಾಮೆರಾ ಹಿಡಿದು ಏನಾದರೂ ಹೇಳು ಎಂದೆ. ಅವಳು ನನ್ನತ್ತ ತಿರುಗದೆ ಕೇಳಿದಳು:

"ತಿಂಡಿ ತಿನ್ನವಾಗ ಅವ್ರೆಲ್ಲಾ ನಗ್ತಿದ್ರಲ್ಲ ಮಗಾ, ನಾನ್ ಅಷ್ಟೊಂದು ಪೆದ್ದಿ ತರ ಕಾಣ್ತೀನಾ?"

ಏನೋ ತಮಾಷೆ ಮಾಡಿ ತೇಲಿಸಿದೆ. ಏನು ಹೇಳಿದೆನೋ ಈಗ ನೆನಪಿಲ್ಲ. ಅವಳು ನಗಲಿಲ್ಲ ಎನ್ನುವುದು ನೆನಪಿದೆ.

ಎದುರಿಗೆ ಸಿಕ್ಕ ಓಣಿಯಲ್ಲೇ ಇಳಿದೆವು. ಕೆಳಗೆ ಬಂದು ನೋಡಿದರೆ ಆ ಮನೆಯೂ ಇಲ್ಲ, ಆ ಹೆಂಗಸೂ ಇಲ್ಲ. ಮಾದಪ್ಪನ ಬೆಟ್ಟಕ್ಕೆ ಹತ್ತಿದ ದಾರಿಯಲ್ಲೇ ಇಳಿದು ಅಭ್ಯಾಸವಾದವರು ನಾವು. ಊರ ನಡುವಿನ ಬೆಟ್ಟಕ್ಕೆ ಹಲವು ಓಣಿಗಳಿರುತ್ತವೆ ಎಂದು ಹೊಳೆದಿರಲೇ ಇಲ್ಲ. ಪಕ್ಕದ ಓಣಿ ಇರಬೇಕೆಂದು ಹೊರಟೆ. ಅಲ್ಲಿಯೂ ಅದೇ ನೀಲಿ ಬಾಗಿಲು, ಅದೇ ಮೀನಿನ ವಾಸನೆ. ಸೊಂಟ ಮುಟ್ಟಿಕೊಂಡಾಗ ಕವರ್ ಎಲ್ಲಿದೆ ಎಂದು ನೆನಪಾಯಿತು. ಫೋನ್ ತೆಗೆದರೆ ವಿಡಿಯೋ ಮಾಡಿ ಮಾಡಿ ಬ್ಯಾಟರಿ ಸತ್ತಿತ್ತು.

ಮಧ್ಯಾಹ್ನ ಒಂದು ಗಂಟೆಯ ಬಿಸಿಲು. ಕಾಂಕ್ರೀಟ್ ಹೆಂಚಿನ ಹಾಗೆ ಕಾದಿತ್ತು. ಅವ್ವ ಆರಾಮವಾಗಿ ನಡೆಯುತ್ತಿದ್ದಳು, ನಾನು ಕೆಂಡ ಹಾಯುವವನ ಹಾಗೆ ಕುಣಿಯುತ್ತಿದ್ದೆ. ಸಿಕ್ಕವರಿಗೆಲ್ಲ ತಮಿಳು, ಹಿಂದಿ, ಕೈಸನ್ನೆ ಬೆರೆಸಿ ನನ್ನ ಶೂ ಎಲ್ಲಿ ಎಂದು ಕೇಳಿದೆ. ಬರಿಗಾಲಿನ ಹುಡುಗ ಶೂ ಕೇಳಿದರೆ ಯಾರಾದರೂ ಏನು ಮಾಡುತ್ತಾರೆ, ಎಲ್ಲರೂ ಒಂದೇ ಚಪ್ಪಲಿ ಅಂಗಡಿ ತೋರಿಸಿದರು. ಒಬ್ಬ ಹಿರಿಯರು ಪಾಪ, ಕೈ ಹಿಡಿದು ಬಾಗಿಲವರೆಗೂ ಬಿಟ್ಟು ಹೋದರು. ಮೂರನೇ ಸಲ ಅದೇ ಅಂಗಡಿಯ ಮುಂದೆ ನಿಂತಾಗ ಅಲ್ಲಿನ ಗೋಡೆ ಗಡಿಯಾರದಲ್ಲಿ ಒಂದೂವರೆಯಾಗಿತ್ತು. ನಾನು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕುಳಿತೆ. ನನಗೆ ಹಡಗು ತಪ್ಪಿದರೆ ಒಂದು ಕಥೆ ಸಿಗುತ್ತಿತ್ತು. ಅವ್ವನಿಗೆ ತಪ್ಪಿದರೆ ಅವಳು ಊರಿಗೆ ಹೋಗಿ ಏನು ಹೇಳುತ್ತಾಳೆ?

"ನನ್ನಿಂದ ಎಲ್ಲಾ ಆಳಾಯ್ತವ್ವ" ಅಂದೆ.

"ಬುಡ್ದಲ್ಲಿ ಹುಡುಕುದ್ರೆ ಸಿಕ್ಕಲ್ಲ ಕಣ್ಲಾ. ಮ್ಯಾಕ್ಕೋಗಿ ಇಳ್ಯವ. ನಾನು ಕುಂಕುಮ ಮಡಗಿಲ್ವಾ?"

ಮತ್ತೆ ತುದಿ ಮುಟ್ಟಿದೆವು. ಅಲ್ಲಿಂದ ಕೆಳಗೆ ಐದು ಓಣಿ. ಮೇಲಿನ ಅರ್ಧಕ್ಕೆ ಒಂದು ಗುರುತೂ ಇಲ್ಲ, ಯಾಕೆಂದರೆ ಅಲ್ಲಿಂದ ಮೇಲೆ ಹಚ್ಚಬೇಡವೆಂದವನು ನಾನೇ. ಅವ್ವ ಅದನ್ನು ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ಒಂದು ಓಣಿಯಲ್ಲಿ ಅರ್ಧ ಇಳಿದೆವು, ಇಲ್ಲ. ಮತ್ತೆ ಹತ್ತಿದೆವು. ಇನ್ನೊಂದರಲ್ಲೂ ಇಲ್ಲ. ನನ್ನ ಅಂಗಾಲಿನಲ್ಲಿ ಬೊಬ್ಬೆ ಎದ್ದಿತ್ತು. ಮೂರನೆಯದರಲ್ಲಿ ಇಳಿಯುತ್ತಾ ಒಂದು ತಿರುವಿನಲ್ಲಿ ಅವ್ವ ನಿಂತು ಬೆರಳು ತೋರಿಸಿದಳು. ಸಿಮೆಂಟಿನ ಮೇಲೆ ಹೆಬ್ಬೆಟ್ಟಿನಗಲ ಕೆಂಪು. ಯಾರೋ ತುಳಿದು ಅರ್ಧ ಅಳಿಸಿತ್ತು. ನಾನು ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ತಮಾಷೆಗಲ್ಲ.

ಅಲ್ಲಿಂದ ಕೆಂಪು ಹಿಡಿದೇ ಬುಡದವರೆಗೆ ಇಳಿದೆವು. ಆ ಹೆಂಗಸು ಮೀನಿನ ಕೆಲಸ ಮುಗಿಸಿ, ನಾಯಿ ಎಳೆದೀತೆಂದು ಚೀಲವನ್ನು ಒಳಗಿನ ಗೂಟಕ್ಕೆ ತೂಗುಹಾಕಿ, ಹೊಸಿಲ ಮೇಲೆ ದಾರಿ ಕಾಯುತ್ತಾ ಕುಳಿತಿದ್ದಳು. ಶೂ ಒಳಗಿನ ಕವರ್ ಹಾಗೇ ಇತ್ತು. ನನ್ನ ಕಾಲು ನೋಡಿ ಚೊಂಬಿನಲ್ಲಿ ನೀರು ತಂದು ತಾನೇ ಸುರಿದಳು. ಕುಡಿಯಲು ಬೇರೆ ಲೋಟದಲ್ಲಿ ಕೊಟ್ಟಳು. ಅವ್ವ ಸೆರಗನ್ನು ಮೂಗಿಗೆ ಒಯ್ಯಲಿಲ್ಲ. ಎರಡು ಲೋಟ ಕುಡಿದು, ಡಬ್ಬಿ ತೆಗೆದು ಅವಳ ಹಣೆಗೆ ಕುಂಕುಮವಿಟ್ಟಳು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಂಡರು, ಇಬ್ಬರಿಗೂ ಅರ್ಥವಾದ ಹಾಗಿತ್ತು.

ಊದಿದ ಕಾಲಿಗೆ ಶೂ ಹೋಗಲಿಲ್ಲ. ಕೈಯಲ್ಲಿ ಹಿಡಿದೇ ಆಟೋ ಹತ್ತಿದೆ. ಗೇಟು ತಲುಪಿದಾಗ ಮೂರಕ್ಕೆ ಹತ್ತು ನಿಮಿಷ. ಸಿದ್ದರಾಜಣ್ಣ ಮತ್ತು ಉಳಿದ ಡೀಲರುಗಳು ಹೊರಗೇ ಕಾಯುತ್ತಿದ್ದರು. ನನ್ನ ಅವತಾರ ನೋಡಿ ಅವರ ಮುಖದಲ್ಲಿ ನಗು ಆಗಲೇ ಅರ್ಧ ಬಂದಿತ್ತು.

"ಏನ್ಲಾ ಆಯ್ತು? ನಿಮ್ಮವ್ವ ಎಲ್ಲಾರ ಕಳ್ದೋಗಿದ್ರಾ?"

ಜೋಕು ನಾಲಿಗೆಯ ತುದಿಯಲ್ಲಿತ್ತು. ಅವ್ವ ನೆಲ ನೋಡುತ್ತಾ ನಿಂತಿದ್ದಳು, ಬೆಳಿಗ್ಗೆ ಇಡ್ಲಿ ನೋಡಿದ ಹಾಗೆ.

"ಕಳ್ದೋಗಿದ್ದು ನಾನು ಕಣಣ್ಣ. ಅವ್ವ ಹುಡುಕ್ಕಂಡು ಬಂದ್ಲು" ಅಂದೆ.

ಯಾರೂ ನಗಲಿಲ್ಲ. ನನ್ನ ಮಾತಿಗೆ ಯಾರೂ ನಗದಿದ್ದದ್ದು ನನಗೆ ಬೇಸರ ತರದ ಮೊದಲ ಸಲ ಅದು.

ಹಡಗಿನ ಏಣಿಯ ಬುಡದಲ್ಲಿ ಅವ್ವ ನಿಂತಳು. ಯೂನಿಫಾರ್ಮಿನವರು ಸಾಲಾಗಿ ನಿಂತು ನಮಸ್ಕಾರ ಹೇಳುತ್ತಿದ್ದರು. ಅವಳ ಕೈ ಎಲೆಯಡಿಕೆ ಚೀಲದ ಮೇಲಿತ್ತು.

"ಇಲ್ಲಿ ಅಚ್ಚಬೋದಾ ಮಗಾ? ನಿಂಗೆ ನಾಚ್ಕೆ ಆದ್ರೆ ಬ್ಯಾಡ."

"ಅಚ್ಚು ಕಣವ್ವ" ಅಂದೆ. ಅವಳು ಬಗ್ಗಿ ಮೊದಲ ಮೆಟ್ಟಿಲಿಗೆ ಕುಂಕುಮ ಹಚ್ಚಿದಳು. ಹಿಂದೆ ಬರುವವರು ತುಳಿಯದ ಹಾಗೆ ನಾನು ಅಡ್ಡ ನಿಂತಿದ್ದೆ, ಬರಿಗಾಲಲ್ಲಿ, ಶೂ ಕೈಯಲ್ಲಿ.

ಈಗಲೂ ಅಂಗಡಿಗೆ ಬಂದವರನ್ನು ನಗಿಸುತ್ತೇನೆ. ಅವ್ವನ ಕಥೆಯನ್ನೂ ಹೇಳುತ್ತೇನೆ. ಆದರೆ ಅವಳು ಅಲ್ಲಿದ್ದರೆ ಮೊದಲು ಅವಳ ಮುಖ ನೋಡುತ್ತೇನೆ. ತಲೆ ಬಗ್ಗಿದ್ದರೆ ಕಥೆ ಅಲ್ಲಿಗೇ ಬಿಟ್ಟು ಮುಕ್ಕಾಲಿಂಚಿನ ಪೈಪು ಎಲ್ಲಿದೆ ಎಂದು ಹುಡುಕಲು ಹೋಗುತ್ತೇನೆ.